ಫುಕೊ ಬೆಳೆದ ಗರಿಕೆ

ಗಣೇಶನ ಹಬ್ಬದ ಬೆಳಿಗ್ಗೆ ನಾನು ನೀರಿನ ಪೈಪ್ ಹಿಡಿದು ಒಂದು ಇಲಿಯನ್ನು ಮುಳುಗಿಸಲು ಹೊರಟಿದ್ದೆ. ಈ ಪರದೇಶದ ಊರಿನ ಕಿಲೆಲೆಶ್ವಾ ಬಡಾವಣೆಯಲ್ಲಿ, ನಮ್ಮ ಫ್ಲ್ಯಾಟಿನ ಹಿಂದೆ ನಾನು ಹಾಕಿದ್ದ ಗೆಣಸನ್ನೆಲ್ಲ ಫುಕೊ ತಿಂದು ಮುಗಿಸಿತ್ತು. ಫುಕೊ ಅಂದರೆ ಇಲ್ಲಿನ ಬಿಲದ ಇಲಿ. ಹೆಗ್ಗಣದಷ್ಟು ದಪ್ಪ, ಮಣ್ಣಿನೊಳಗೇ ಸಂಸಾರ.

"ಗಣಪತಿ ಬಿಡೋಕೆ ಮುಂಚೆ ಅವನ ಇಲಿಯನ್ನ ಮುಳುಗಿಸ್ತೀರಾ? ನಿಲ್ಸ್ರೀ!" ಮೇಲಿನ ಬಾಲ್ಕನಿಯಿಂದ ಪ್ರಭಾ ಮೇಡಂ ಕೂಗಿದರು. ಮೈಸೂರಿನವರು, ಇಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ಹಿಂದೆ ಉತ್ತರ ಧ್ರುವದ ಬಳಿ, ಮರವಿಲ್ಲದ ಟಂಡ್ರಾ ಬಯಲಿನಲ್ಲಿ ಕೆಲಸ ಮಾಡಿದವರು. ಬರಿಗಾಲಲ್ಲೇ ಇಳಿದು ಬಂದರು.

"ಟಂಡ್ರಾದಲ್ಲಿ ಲೆಮಿಂಗ್ ಅಂತ ಪುಟ್ಟ ಇಲಿ ಇದೆ. ಈಗ ಸೆಖೆ ಏರಿ ಅಲ್ಲೂ ಪೊದೆ ಹಬ್ತಿದೆ. ಈ ಇಲಿಗಳು ಪೊದೆ ಕಡಿದು, ಮಣ್ಣು ಕೆದಕಿ, ಹುಲ್ಲಿಗೆ ಜಾಗ ಉಳಿಸ್ತಾವೆ. ಅದು ಹಾಳು ಮಾಡೋದಲ್ಲ ರೀ, ಗಾರ್ಡನಿಂಗ್!"

"ಟಂಡ್ರಾದಲ್ಲಿ ಮಾಡ್ಲಿ ಬಿಡಿ ಮೇಡಂ. ನನಗೆ ಪೂಜೆಗೆ ಗರಿಕೆ ಸಿಕ್ಕಿಲ್ಲ. ನ್ಗಾರಾ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಬಂದೆ."

ಮೇಡಂ ಫುಕೊ ಎಬ್ಬಿಸಿದ್ದ ಮಣ್ಣುಗುಡ್ಡೆಗಳತ್ತ ಕೈ ತೋರಿಸಿದರು. ಹಳೆಯ ಗುಡ್ಡೆಗಳ ಮೇಲೆಲ್ಲ ಎಳೆ ಗರಿಕೆ ಹಸಿರಾಗಿ ಹಬ್ಬಿತ್ತು. ನಾನು ದಿನಾ ಅದನ್ನು ತುಳಿದುಕೊಂಡೇ ಇಲಿಯನ್ನು ಬೈಯುತ್ತಿದ್ದೆ.

ಇಬ್ಬರೂ ಮಂಡಿಯೂರಿ, ನಗುತ್ತಾ ಗರಿಕೆ ಕಿತ್ತೆವು. ಪೂಜೆ ಮುಗಿದ ಮೇಲೆ ಬಿಲದ ಬಾಯಲ್ಲಿ ಒಂದು ಕಡುಬು ಇಟ್ಟು ಕೈಮುಗಿದೆ.

ಮಾರನೇ ದಿನ ಹೊಸ ಗೆಣಸಿನ ಬಳ್ಳಿಯನ್ನು ಬಾಲ್ಕನಿಯ ಡ್ರಮ್ಮಿನಲ್ಲಿ ನೆಟ್ಟೆ. ಭಕ್ತಿ ಬೇರೆ, ನಂಬಿಕೆ ಬೇರೆ.