ಮಲಾಡಿನ ರೂಮು, ಅಪ್ಪನ ಉತ್ತರ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಒಂದೇ: ಕೇಳಿದ ಪ್ರಶ್ನೆಗೆ ಉತ್ತರ ಕೊಡದವನು ಸೋತ. ಹಾಗಾಗಿ ಮುಂಬಯಿಯ ಸಯನ್‌ನಲ್ಲಿ ನಾವು ಕೆಲವರು ಸೇರಿ ಆಡಲಿದ್ದ ನಾಟಕದಲ್ಲಿ ತಾಯಿಯ ಪಾತ್ರ ಸಿಕ್ಕಾಗ ತಾಲೀಮಿನಲ್ಲೇ ಜಗಳ ತೆಗೆದೆ. ಮಗ “ಅಪ್ಪ ಎಲ್ಲಿಗೆ ಹೋದ?” ಎಂದು ಕೇಳುತ್ತಾನೆ. ತಾಯಿ “ಅಂಗಿ ಒಣಗಿದೆ, ತಗೊಂಡು ಬಾ” ಎನ್ನುತ್ತಾಳೆ.

“ಸರ್, ಇದು ಉತ್ತರವೇ ಅಲ್ಲ.”

ನಿರ್ದೇಶಕರು ಧಾರವಾಡದ ಕಡೆಯವರು. “ಉತ್ತರಾ ಕೊಟ್ರ ನಾಟಕಾ ಅಲ್ಲೇ ಮುಗೀತದವ್ವ. ಆಕಿ ಹೇಳೂದಿಲ್ಲ ಅಂತನ ಮಂದಿ ಕಿವಿಗೊಟ್ಟು ಕೇಳ್ತಾರ. ನೀ ಏನು ಕೋರ್ಟಿನ್ಯಾಗ ನಿಂತೀಯೇನು?”

ಎಲ್ಲರೂ ನಕ್ಕರು. ನಾನು ಒಪ್ಪಲಿಲ್ಲ. ಅರ್ಥ ಹುಡುಕುತ್ತ ಕೂರಲು ಸಭಿಕರಿಗೆ ಪುರುಸೊತ್ತಿದೆ, ನನಗಿರಲಿಲ್ಲ. ಮಲಾಡಿನಲ್ಲಿ ಆಫೀಸಿನ ಹತ್ತಿರ ಒಂದು ರೂಮು ನೋಡಿದ್ದೆ. ಒಬ್ಬಳೇ ಹುಡುಗಿಗೆ ಕೊಡುವುದಾದರೆ ತಂದೆ ಬಂದು ಮಾತಾಡಲಿ ಎಂದು ಮಾಲೀಕರ ಷರತ್ತು. ಬರುತ್ತಾರೋ ಇಲ್ಲವೋ ಎಂದು ಏಜೆಂಟನಿಗೆ ತಿಳಿಸಲು ಭಾನುವಾರ ಮಧ್ಯಾಹ್ನದವರೆಗೆ ಗಡುವು.

ಅಪ್ಪ ಬೈಕುಲ್ಲಾದ ಹೋಟೆಲೊಂದರ ಮ್ಯಾನೇಜರ್, ಉಡುಪಿ ಕಡೆಯವರು. ಭಾನುವಾರ ಊಟಕ್ಕೆ ಕೂತಾಗ ಕೇಳಿದೆ: “ಅಪ್ಪ, ಮಲಾಡಿಗೆ ಬರ್ತೀರಾ, ಇಲ್ವಾ?”

“ಅಲ್ಲಿ ನೀರು ಎಷ್ಟು ಗಂಟೆಗೆ ಬರುವುದು?”

“ಬೆಳಿಗ್ಗೆ ಆರಕ್ಕೆ. ಬರ್ತೀರಾ?”

“ಬಂಗುಡೆ ಇವತ್ತು ಒಳ್ಳೇದು ಸಿಕ್ಕಿದೆ. ತಿನ್ನು ಮಾರಾಯ್ತಿ, ಆರ್ತದೆ.”

“ಬೇಡ ಅಂತಾದ್ರೂ ಹೇಳಿ!”

“ನಾನು ಬೇಡ ಅಂದೆನಾ?” ಅಪ್ಪ ಅಮ್ಮನ ಕಡೆ ತಿರುಗಿದರು. “ಹೇಳು, ನಾನು ಏನಾದ್ರೂ ಅಂದೆನಾ?”

ಅಮ್ಮ ಅನ್ನ ಬಡಿಸಿದರು.

ಬೇಡ ಎಂದಿದ್ದರೆ ಕಾರಣ ಕೇಳಬಹುದಿತ್ತು, ಒಂದೊಂದಾಗಿ ಮುರಿಯಬಹುದಿತ್ತು. ಆಡದ ಮಾತನ್ನು ಖಂಡಿಸುವುದು ಹೇಗೆ? ನಾಟಕದಲ್ಲಿ ತಾಯಿ ಅಂಗಿಯ ಮಾತೆತ್ತಿದೊಡನೆ ಆ ಗಂಡಸು ಮರಳಿ ಬರುವುದಿಲ್ಲವೆಂದು ಸಭಿಕರಿಗೆ ಗೊತ್ತಾಗುತ್ತದೆ, ಮಗನಿಗೂ. ನನಗೂ ಬಂಗುಡೆಯ ಅರ್ಥ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಕೇಳುತ್ತಲೇ ಇದ್ದೆ, ಅಷ್ಟೇ.

ಏಜೆಂಟನ ಫೋನ್ ಬಂತು, ಅವನಿಗೂ ಹೌದು-ಇಲ್ಲ ಎಂಬ ನೇರ ಉತ್ತರವೇ ಬೇಕಿತ್ತು. “ಮೇಡಂ, ಫಾದರ್ ಆ ರಹೇ ಹೈ ಕ್ಯಾ? ಹಾಂ ಯಾ ನಾ, ಸೀದಾ ಬೋಲೋ.”

ಅಪ್ಪ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ, ಹೌದೆನ್ನಲು ಆಧಾರವಿರಲಿಲ್ಲ.

“ಪಪ್ಪಾ ಖಾನಾ ಖಾ ರಹೇ ಹೈ,” ಎಂದೆ, ಅಪ್ಪ ಊಟ ಮಾಡುತ್ತಿದ್ದಾರೆ ಅಂತ.

“ಠೀಕ್ ಹೈ, ಸಮಝ್ ಗಯಾ.”

ಏನು ಅರ್ಥವಾಯಿತು ಎಂದು ಕೇಳುವುದರೊಳಗೆ ಫೋನ್ ಇಟ್ಟ. ಸಂಜೆಯೊಳಗೆ ರೂಮು ಬೇರೆಯವರಿಗೆ ಹೋಗಿತ್ತು.

ಯಾರ ಫೋನೆಂದು ಅಪ್ಪ ಕೇಳಲಿಲ್ಲ.