ಸೊನ್ನೆ ಮಾಮ ಅಳೆದ ಗ್ರಹ

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಅಟೆಂಡರ್‌ಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಸೊನ್ನೆ ಮಾಮ. ಸ್ಕ್ರೂಗೇಜ್ ಆಗಲಿ, ವರ್ನಿಯರ್ ಆಗಲಿ, ಅಳತೆಯ ಯಾವ ಉಪಕರಣವನ್ನು ಯಾರ ಕೈಗೆ ಕೊಟ್ಟರೂ ಅವರು ಹೇಳುತ್ತಿದ್ದ ಮಾತು ಒಂದೇ: "ಮೊದಲು ಸೊನ್ನೆ ನೋಡು." ಉಪಕರಣದ ಬಾಯಿ ಮುಚ್ಚಿದಾಗ ಅದು ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಎಷ್ಟು ತಪ್ಪಿದೆ ಎಂದು ಬರೆದಿಟ್ಟುಕೊಂಡೇ ಅಳತೆಗೆ ಇಳಿಯಬೇಕು.

ನಾನು ಹಳ್ಳಿಯಿಂದ ಬಂದು ಮೊದಲ ಸಲ ಆ ಮೇಜಿನ ಮುಂದೆ ನಿಂತಾಗ ಉಪಕರಣ ಮುಟ್ಟದೆ ಕೈ ಹಿಂದೆ ಕಟ್ಟಿಕೊಂಡಿದ್ದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. "ಮುಟ್ಟಮ್ಮ, ಕಚ್ಚಲ್ಲ" ಎಂದವರು ಮಾಮ. ಈಗ ಅದೇ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ನಾಲ್ಕು ಜನರೆದುರು ಮಾಮ ನನ್ನನ್ನು ಮೇಡಂ ಎನ್ನುತ್ತಾರೆ. ಇಬ್ಬರೇ ಇದ್ದಾಗ ನಾನು ಹಳೆಯ 'ಅಮ್ಮ'ನೇ.

ಮಾಮ ಓದಿದ್ದು ಹತ್ತನೆಯ ತರಗತಿವರೆಗೆ. ಆದರೆ ಪ್ರಯೋಗಾಲಯದ ಪುಟ್ಟ ದೂರದರ್ಶಕದ ಕನ್ನಡಿ ಒರೆಸುತ್ತ ಒರೆಸುತ್ತ ಆಕಾಶದ ಹುಚ್ಚು ಹಿಡಿಸಿಕೊಂಡರು. ಲೈಬ್ರರಿಯ ಖಗೋಳದ ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಮುಗಿಸಿದರು. ಶನಿಗ್ರಹ ಪೂರ್ತಿ ದುಂಡಗಿಲ್ಲ, ತಲೆ ಮೇಲೆ ಯಾರೋ ಕೈಯಿಟ್ಟು ಒತ್ತಿದ ಹಾಗಿದೆ ಎಂದು ನನಗೆ ತೋರಿಸಿಕೊಟ್ಟವರೂ ಅವರೇ.

ಮೂವತ್ತೊಂದು ವರ್ಷ ಅವರ ಕೆಲಸ ಹೀಗಿತ್ತು: ಬೇರೆಯವರ ಪಾಠಕ್ಕೆ ಉಪಕರಣ ಜೋಡಿಸುವುದು, ಪಾಠ ಮುಗಿದ ಮೇಲೆ ಬೋರ್ಡು ಒರೆಸುವುದು, ಪಾಠದ ರಿಜಿಸ್ಟರನ್ನು ತರಗತಿಯಿಂದ ತರಗತಿಗೆ ಹೊತ್ತು ತರುವುದು. ಯಾರು, ಯಾವ ವಿಷಯ ಹೇಳಿದರು ಎಂದು ಅದರಲ್ಲಿ ಮೇಷ್ಟ್ರುಗಳು ಬರೆದು ಸಹಿ ಹಾಕುತ್ತಾರೆ. ನಿವೃತ್ತಿಗೆ ಎರಡು ತಿಂಗಳಿದ್ದಾಗ ವಿಭಾಗದ ಮುಖ್ಯಸ್ಥರು ಕರೆದು, ನೆನಪಿಗೆ ಏನು ಕೊಡೋಣ ಎಂದು ಕೇಳಿದರು.

"ಏನೂ ಬೇಡ ಸಾರ್. ಒಂದು ಗಂಟೆ ಪಾಠ ಕೊಡಿ."

ಮುಖ್ಯಸ್ಥರು ನಕ್ಕರು. "ಏನ್ ಪಾಠ ಮಾಡ್ತೀರಿ?"

"ತೇಲೂರು."

ತೇಲೂರು ಒಂದು ಹಳೆಯ ಟಿವಿ ಧಾರಾವಾಹಿ. ಪ್ರತಿ ಭಾನುವಾರ ಸಂಜೆ ಮತ್ತೆ ಹಾಕುತ್ತಿದ್ದರು. ದೂರದ ಒಂದು ಅನಿಲ ಗ್ರಹ. ಅದರ ಮೋಡಗಳ ಮೇಲೆ ತೇಲುವ ಪಟ್ಟಣ. ಅಲ್ಲಿನ ಜನರ ಸಂಸಾರ, ಜಗಳ. "ಅಯ್ಯೋ, ಅದಾ? ಅದರಲ್ಲಿರೋ ವಿಜ್ಞಾನ ಉಪ್ಪಿನಕಾಯಿ ಥರ ನೆಂಚಿಕೊಳ್ಳೋಕೂ ಸಾಲಲ್ಲ" ಎಂದರು ಮುಖ್ಯಸ್ಥರು.

"ಸಾಲುತ್ತೆ ಸಾರ್. ಅಳೆದು ತೋರಿಸ್ತೀನಿ."

ಕೊನೆಗೆ ಆರು ವಾರದಾಚೆಯ ಒಂದು ಶುಕ್ರವಾರ ಹನ್ನೊಂದು ಗಂಟೆಯ ತರಗತಿ ಮಾಮನಿಗೆ ಸಿಕ್ಕಿತು. ಅದೊಂದು ಗಂಟೆ ಕೆಟ್ಟರೆ ಅವರಿಗೆ ಇನ್ನೊಂದು ಸಿಗುವ ಹಾಗಿರಲಿಲ್ಲ.

ಅಳತೆ ಸುಲಭವಾಗಿರಲಿಲ್ಲ. ಗ್ರಹ ಪೂರ್ತಿ ಕಾಣುವುದು ಧಾರಾವಾಹಿ ಶುರುವಾಗುವಾಗ ಮಾತ್ರ, ನಾಲ್ಕೇ ಸೆಕೆಂಡು. ಮಾಮ ಟಿವಿ ಪರದೆಗೆ ಪಾರದರ್ಶಕ ಹಾಳೆ ಅಂಟಿಸಿ, ಸ್ಕೆಚ್ ಪೆನ್ನು ಹಿಡಿದು ಕಾದು ಕೂತರು. ಮೊದಲ ಭಾನುವಾರ ಎಡ ಅಂಚಿಗೆ ಒಂದು ಚುಕ್ಕೆ. ಎರಡನೆಯ ಭಾನುವಾರ ಬಲಕ್ಕೆ. ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ. ಒಂದು ಗ್ರಹ ಅಳೆಯಲು ಒಂದು ತಿಂಗಳು.

"ನಾಲ್ಕು ಚುಕ್ಕೆ ಇಡೋಕೆ ನಾಲ್ಕು ವಾರ! ಇವರ ಕೈಗೆ ಮನೆ ಕಟ್ಟೋಕೆ ಕೊಟ್ಟಿದ್ರೆ ನಾವಿನ್ನೂ ಪಾಯದಲ್ಲೇ ಮಲಗ್ತಿದ್ವಿ" ಎಂದರು ಅತ್ತೆ, ಅಂದರೆ ಮಾಮನ ಹೆಂಡತಿ. ಆಕೆ ಆ ಧಾರಾವಾಹಿ ನೋಡುತ್ತಿದ್ದದ್ದು ನಾಯಕಿಗಾಗಿ. ಹಾಳೆಯ ಅಂಟು ನಾಯಕಿಯ ಮೂಗಿನ ಮೇಲೆ ಬರುತ್ತದೆ ಎಂದು ಅವರಿಗೆ ಸಿಟ್ಟು.

ಗ್ರಹದ ಅಗಲ ನಲವತ್ತೆಂಟು ಸೆಂಟಿಮೀಟರ್, ಎತ್ತರ ಮೂವತ್ತಾರು ಬಂತು. ಅಗಲಕ್ಕಿಂತ ಎತ್ತರ ಕಾಲು ಭಾಗ ಕಡಿಮೆ. ಆಮೇಲೆ ಮಾಮ ಶನಿಯನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿದರು. ಶನಿ ಹತ್ತೂವರೆ ಗಂಟೆಗೆ ಒಂದು ಸುತ್ತು ತಿರುಗುತ್ತದೆ. ಆ ರಭಸಕ್ಕೆ ನಡು ಉಬ್ಬಿ, ಎತ್ತರ ಅಗಲಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆಯಾಗಿದೆ. ಅಂಥದೇ ಗ್ರಹ ಎರಡು ಪಟ್ಟು ಬೇಗ ತಿರುಗಿದರೆ ಚಪ್ಪಟೆತನ ಸುಮಾರು ನಾಲ್ಕು ಪಟ್ಟಾಗುತ್ತದೆ. ತೇಲೂರಿನ ಚಪ್ಪಟೆತನ ಶನಿಯದರ ಎರಡೂವರೆ ಪಟ್ಟು; ಈ ಲೆಕ್ಕದಂತೆ ಅದರ ದಿನ ಆರೂವರೆ ಗಂಟೆ ಚಿಲ್ಲರೆ ಆಗಬೇಕು. ಧಾರಾವಾಹಿಯಲ್ಲಿ ನಾಯಕಿ ಗೊಣಗುವುದೇನು? "ಏಳೇ ಗಂಟೆಯ ದಿನ, ಕೆಲಸ ಯಾವಾಗ ಮಾಡೋದು?"

ಮಾಮ ನನ್ನ ಕೊಠಡಿಗೆ ಓಡಿಬಂದರು. "ನೋಡಮ್ಮ, ತಾಳೆ ಆಯ್ತು! ಬರೆದೋರು ಸುಮ್ಮನೆ ಕತೆ ಕಟ್ಟಿಲ್ಲ. ಲೆಕ್ಕ ಗೊತ್ತಿದ್ದೋರು ಅವರು." ನಾನು ಲೆಕ್ಕವನ್ನು ಎರಡು ಸಲ ನೋಡಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ.

ಆ ಶುಕ್ರವಾರ ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಮುಖ್ಯಸ್ಥರು ಮುಂದಿನ ಸಾಲಿನಲ್ಲಿ ಕೂತರು, ಅತ್ತೆ ಕೊನೆಯ ಬೆಂಚಿನಲ್ಲಿ. ಮಾಮ ಇಪ್ಪತ್ತು ನಿಮಿಷ ಶನಿಯ ಬಗ್ಗೆ, ತಿರುಗುವ ಗ್ರಹಗಳ ಬಗ್ಗೆ ಹೇಳಿದರು. ಒಬ್ಬರೂ ಮೊಬೈಲು ಮುಟ್ಟಲಿಲ್ಲ. ನಲವತ್ತೆಂಟು, ಮೂವತ್ತಾರು ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, "ಮೇಡಂ, ಚಿತ್ರ ಹಾಕಿ" ಎಂದರು.

ಧಾರಾವಾಹಿಯ ಆರಂಭದ ದೃಶ್ಯವನ್ನು ಬೆಳಿಗ್ಗೆ ತರಾತುರಿಯಲ್ಲಿ ಕಂಪ್ಯೂಟರಿಗೆ ಇಳಿಸಿದ್ದೆ. ತೆರೆದು ನೋಡಿರಲಿಲ್ಲ, ಆ ತಪ್ಪು ನನ್ನದು. ಗೋಡೆಯ ಮೇಲೆ ಚಿತ್ರ ಮೂಡಿತು. ಎರಡೂ ಬದಿಗೆ ಕಪ್ಪು ಪಟ್ಟಿ, ನಡುವೆ ನೌಕೆಯ ಕಿಟಕಿ, ಕಿಟಕಿಯ ಬಳಿ ನಾಯಕಿ, ಆಚೆಗೆ ಗ್ರಹ. ಗ್ರಹ ಬಳೆಯಷ್ಟು ದುಂಡಗಿತ್ತು.

"ಮಾಮ, ನಿಮ್ಮ ಗ್ರಹ ಸೊನ್ನೆ ಥರಾನೇ ಇದೆಯಲ್ಲ!" ಎಂದಳು ಒಬ್ಬಳು ಹುಡುಗಿ. ತರಗತಿ ಗೊಳ್ಳೆಂದಿತು. ಮುಖ್ಯಸ್ಥರು ಗಡಿಯಾರ ನೋಡಿಕೊಂಡರು.

ಮಾಮ ಉದ್ದನೆಯ ಮರದ ಸ್ಕೇಲು ತೆಗೆದು ಗೋಡೆಯ ಮೇಲೆ ಅಳೆದರು. ಅಗಲ ತೊಂಬತ್ತು. ಎತ್ತರ ತೊಂಬತ್ತು. ಮತ್ತೆ ಅಳೆದರು. ಅದೇ.

ಆಗ ಕೊನೆಯ ಬೆಂಚಿನಿಂದ ಅತ್ತೆಯ ದನಿ ಕೇಳಿತು: "ಅಯ್ಯೋ, ಇವಳು ಇಷ್ಟು ತೆಳ್ಳಗಿದ್ದಾಳಾ? ನಮ್ಮನೇಲಿ ಕುಂಬಳಕಾಯಿ ಥರ ಇರ್ತಾಳಲ್ಲ!"

ಮಾಮ ತಿರುಗಿದರು. "ಲೇ, ನಮ್ಮ ಟಿವೀಲಿ ಈ ಕರಿ ಪಟ್ಟಿ ಬರಲ್ವಲ್ಲ?"

"ಬರ್ತಿತ್ತು. ಇಷ್ಟು ದೊಡ್ಡ ಟಿವಿ ತಂದಿದ್ದು ಕರಿ ಪಟ್ಟಿ ನೋಡೋಕಾ? ನಾನೇ ರಿಮೋಟ್ ಒತ್ತಿ ಚಿತ್ರಾನ ಪರದೆ ತುಂಬ ಬರೋ ಹಾಗೆ ಮಾಡಿಟ್ಟಿದ್ದೀನಿ."

ಹಳೆಯ ಕಾಲದ ಚಿತ್ರವನ್ನು ಹೊಸ ಟಿವಿ ಅಡ್ಡಕ್ಕೆ ಎಳೆದಿತ್ತು. ನಾಯಕಿಯ ಜೊತೆ ಗ್ರಹವೂ ಅಡ್ಡಡ್ಡ ಬೆಳೆದಿತ್ತು. ಎಳೆದ ಪ್ರಮಾಣ ಮೂರಕ್ಕೆ ನಾಲ್ಕು, ಮೂವತ್ತಾರಕ್ಕೆ ನಲವತ್ತೆಂಟು.

ನನಗೆ ಎದ್ದು ಏನಾದರೂ ಹೇಳಬೇಕೆನಿಸಿತು. ಮಾಮ ಕೈ ಅಡ್ಡ ಮಾಡಿದರು. ಬೋರ್ಡಿನ ಮೇಲಿದ್ದ ಎರಡು ಅಂಕಿಗಳನ್ನು ಅಳಿಸಲಿಲ್ಲ. ಅವುಗಳ ಪಕ್ಕದಲ್ಲೇ ತೊಂಬತ್ತು, ತೊಂಬತ್ತು ಎಂದು ಬರೆದರು.

"ಟಿವಿ ಮೂಲೇಲಿ ಚಾನೆಲ್ಲಿಂದು ಒಂದು ದುಂಡು ಗುರುತಿದೆ" ಎಂದರು. "ನಾಲ್ಕು ವಾರ ಕಣ್ಣೆದುರಿಗೇ ಇತ್ತು, ಮೊಟ್ಟೆ ಥರ. ದುಂಡಗಿರಬೇಕಾದ್ದು ದುಂಡಗಿದೆಯಾ ಅಂತ ಮೊದಲು ನೋಡಬೇಕಿತ್ತು. ಮೂವತ್ತೊಂದು ವರ್ಷ ನಿಮಗೆಲ್ಲ ಸೊನ್ನೆ ನೋಡಿ ನೋಡಿ ಅಂದೆ. ನಮ್ಮನೆ ಟಿವಿ ಸೊನ್ನೆ ನಾನು ನೋಡಲಿಲ್ಲ."

ಈ ಸಲ ಯಾರೂ ನಗಲಿಲ್ಲ. ಮಾಮ ಸೀಮೆಸುಣ್ಣ ಹಿಡಿದು ಮುಂದುವರಿಸಿದರು. "ಈಗ ಲೆಕ್ಕಾನ ತಿರುಗಿಸಿ ಹಾಕೋಣ. ದಿನ ಏಳು ಗಂಟೆ ಅಂತ ಅವಳೇ ಹೇಳ್ತಾಳೆ. ಶನಿಯಂಥ ಗ್ರಹ ಅಷ್ಟು ಬೇಗ ತಿರುಗಿದ್ರೆ ಎಷ್ಟು ಚಪ್ಪಟೆ ಆಗಬೇಕು? ನೀವೇ ಹಾಕಿ."

ವಿದ್ಯಾರ್ಥಿಗಳು ಹಾಕಿದರು. ಮುಖ್ಯಸ್ಥರೂ ಜೇಬಿನಿಂದ ಪೆನ್ನು ತೆಗೆದರು. ತೊಂಬತ್ತು ಅಗಲಕ್ಕೆ ಎತ್ತರ ಸುಮಾರು ಎಪ್ಪತ್ತು ಬಂತು. ಗೋಡೆಯ ಮೇಲಿದ್ದದ್ದು ತೊಂಬತ್ತು.

"ಧಾರಾವಾಹಿ ಸರಿ ಅಂತ ಹೇಳೋಕೆ ಬಂದಿದ್ದೆ" ಎಂದರು ಮಾಮ. "ಅದು ತಪ್ಪು. ನನ್ನ ಅಳತೇನೂ ತಪ್ಪು. ಲೆಕ್ಕ ಮಾತ್ರ ಉಳೀತು."

"ಹಾಗಾದ್ರೆ ಗ್ರಹ ಹೇಗಿರಬೇಕೋ ಹೆಚ್ಚುಕಮ್ಮಿ ಹಾಗೇ ತೋರಿಸಿದ್ದು ನಿಮ್ಮನೆ ಕೆಟ್ಟ ಟಿವಿನೇ ಅಂತಾಯ್ತು" ಎಂದರು ಮುಖ್ಯಸ್ಥರು.

"ನಾನು ಅವಾಗ್ಲೇ ಹೇಳಲಿಲ್ವಾ, ಪರದೆ ತುಂಬ ಮಾಡಿದ್ರೇ ಚೆನ್ನ ಅಂತ?" ಎಂದರು ಅತ್ತೆ.

ಗಂಟೆ ಹೊಡೆಯಿತು. ಮಾಮ ಅಭ್ಯಾಸಬಲದಿಂದ ಡಸ್ಟರಿಗೆ ಕೈ ಹಾಕಿದರು. ಆಮೇಲೆ ಅದನ್ನು ಅಲ್ಲೇ ಬಿಟ್ಟು, ತಾವೇ ಬೆಳಿಗ್ಗೆ ತಂದಿಟ್ಟಿದ್ದ ರಿಜಿಸ್ಟರ್ ತೆರೆದರು. ತುಂಬ ಹೊತ್ತು ಬರೆದರು. ಮುಂದಿನ ತರಗತಿಗೆ ಬಂದ ಮೇಷ್ಟ್ರು ಬಾಗಿಲಲ್ಲೇ ಕಾದರು.

ಆ ಪುಟ ಈಗಲೂ ಇದೆ. ನಾನು ಹೊಸ ತಂಡಕ್ಕೆ ಸ್ಕ್ರೂಗೇಜ್ ಕೊಡುವ ದಿನ ಅದನ್ನು ತೆರೆದು ಮೇಜಿನ ಮೇಲೆ ಇಡುತ್ತೇನೆ. ವಿಷಯ: ತೇಲೂರು ಗ್ರಹದ ಆಕಾರ. ಫಲಿತಾಂಶ: ದುಂಡಗಿದೆ, ಇರಬಾರದಿತ್ತು. ದೋಷ: ಅಳೆದವನು ಸೊನ್ನೆ ನೋಡಲಿಲ್ಲ. ಕೆಳಗೆ, ಮೇಷ್ಟ್ರುಗಳು ಸಹಿ ಹಾಕುವ ಜಾಗದಲ್ಲಿ, ಅವರ ಸಹಿ.