ಓಣಿಗೆಲ್ಲ ಹಂಚಿದ ಔಷಧ

ನಿಜಾಮರ ಕಾಲದಲ್ಲಿ, ನಾನಿನ್ನೂ ಲಂಗ ಹಾಕುತ್ತಿದ್ದಾಗ, ಚಿತ್ತಾಪುರದ ನಮ್ಮ ಪಕ್ಕದ ಮನೆಯಲ್ಲೊಬ್ಬ ದೊಡ್ಡವ್ವ ಇದ್ದಳು. ಹುರಿದ ಶೇಂಗಾ ಇರಲಿ, ಹೋಳಿಗೆ ಇರಲಿ, ಎದುರಿಗಿದ್ದವರ ಕೈಗೆ ಹಾಕದೆ ಬಾಯಿಗಿಡುತ್ತಿರಲಿಲ್ಲ. “ನಾ ಒಬ್ಬಾಕೇ ಹ್ಯಾಂಗ ತಿನ್ಲೆವ್ವ?” ಎನ್ನುವುದು ಅವಳ ಮಾತು.

ಒಂದು ಬೇಸಿಗೆಯಲ್ಲಿ ಅವಳ ಕಾಲು ಬಾತವು. ಅಂಗಳ ದಾಟುವಷ್ಟರಲ್ಲಿ ದಮ್ಮು ಹತ್ತುತ್ತಿತ್ತು. ದವಾಖಾನೆಯ ಡಾಕ್ಟರು ಎದೆ ಸೋತಿದೆ ಎಂದು ಸೀಸೆಯಲ್ಲಿ ಔಷಧ ಕೊಟ್ಟರು. ದೊಡ್ಡವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು, ಲಿಂಗಪೂಜೆ ಮುಗಿಸಿ, ತಾನೊಂದು ಚಮಚ ಕುಡಿದು, ಬಂದವರಿಗೆಲ್ಲ ಒಂದೊಂದು ಚಮಚ ಹಾಕಿದಳು. ನಾನೂ ಕುಡಿದೆ. ಅಷ್ಟು ಕಹಿಯಾದ ಪ್ರಸಾದ ಮತ್ತೆಲ್ಲೂ ಸಿಕ್ಕಿಲ್ಲ!

ಸೀಸೆ ಬರಿದಾಯಿತು, ಬಾವು ಇಳಿಯಲಿಲ್ಲ. ನಮ್ಮವ್ವ ಅವಳನ್ನು ಮತ್ತೆ ದವಾಖಾನೆಗೆ ಕರೆದೊಯ್ದಳು. ನಾನೂ ಬೆನ್ನು ಹತ್ತಿದೆ.

“ಇಷ್ಟ ಲಗೂ ಹ್ಯಾಂಗ ಮುಗೀತ್ರಿ?” ಎಂದರು ಡಾಕ್ಟರು.

“ಓಣ್ಯಾಗ ಹಂಚೀನ್ರಿ ಸಾಹೇಬ್ರ.”

“ಅಯ್ಯೋ ತಾಯಿ! ನಿಮ್ಮ ಎದಿಗಿ ಇದು ದವಾ, ಆರಾಮ ಇದ್ದವ್ರಿಗಿ ವಿಷ! ನೀವು ಪೂರಾ ಕುಡೀಲಿಲ್ಲಂದ್ರ ಉಳಿಯಂಗಿಲ್ಲ.”

ಕೊನೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ಹೊಸ ಸೀಸೆಯನ್ನು ಅವ್ವನ ಕೈಗೆ ತುರುಕಿ, ಓಣಿಗೆ ಬಂದು, ಮನೆಮನೆಯ ಬಾಗಿಲು ಹಿಡಿದು ಏದುಸಿರಿನಲ್ಲೇ ಕೇಳಿದಳು: “ನಿನ್ನ ಎದಿ ಹ್ಯಾಂಗದವ್ವ? ಹೊಟ್ಟಿ ತೊಳಸ್ಲಿಕತ್ತದೇನು?”

“ನಮಗೇನಾಗ್ಯದ? ಅರ್ಧಾ ಮಂದಿ ಉಗಳ್ಯಾರ! ಅಕ್ಕ, ನೀ ಮೊದ್ಲ ಕುಂದ್ರು, ಸಾಯ್ತಿ!” ಎಂದು ಅವ್ವ ಗದರಿಸಿ ಕಟ್ಟೆಯ ಮೇಲೆ ಕೂರಿಸಿದಳು.

ಮರುದಿನದಿಂದ ಔಷಧದ ಹೊತ್ತಿಗೆ ದೊಡ್ಡವ್ವನ ಬಾಗಿಲು ಮುಚ್ಚತೊಡಗಿತು. ನಾನು ಸಂದಿಯಿಂದ ಇಣುಕದೆ ಬಿಡುತ್ತೇನೆಯೇ? ಕಾಲಿನ ಬಾವು ಪೂರ್ತಿ ಇಳಿದ ಮೇಲೂ ಅವಳು ಹಾಗೆಯೇ ಕುಡಿಯುತ್ತಿದ್ದಳು: ಗೋಡೆಗೆ ಮುಖ ಮಾಡಿ, ಸೆರಗು ಅಡ್ಡ ಹಿಡಿದು, ಕದ್ದು ತಿನ್ನುವವಳಂತೆ ನಾಚಿಕೊಂಡು.